ಪ್ರೋಟೀನು ಸರಿಯಿದ್ದರೂ ಸ್ನಾಯು ಸೋಲುವುದೇಕೆ?

ಪ್ರಶ್ನೆ: ನನಗೆ 31 ವರ್ಷ, ನನ್ನ ಅಣ್ಣನಿಗೆ 36. ಐದಾರು ವರ್ಷಗಳಿಂದ ಅವನು ಯಾವುದನ್ನಾದರೂ ಬಿಗಿಯಾಗಿ ಹಿಡಿದರೆ ಬೆರಳುಗಳು ಕೂಡಲೇ ಬಿಡಿಸಿಕೊಳ್ಳುವುದಿಲ್ಲ. ಈಚೆಗೆ ನಡೆಯುವಾಗ ಎಡವುತ್ತಾನೆ, ಹಗಲು ಹೊತ್ತಿನಲ್ಲೇ ತೂಕಡಿಸುತ್ತಾನೆ. ನರರೋಗ ತಜ್ಞರು ಇದು ಮಯೋಟೋನಿಕ್ ಡಿಸ್ಟ್ರೋಫಿಯ ಒಂದನೆಯ ವಿಧ ಎಂದಿದ್ದಾರೆ. ಡಿಎಂಪಿಕೆ ಎಂಬ ಜೀನಿನಲ್ಲಿ ಸಿಟಿಜಿ ಎಂಬ ಮೂರು ಡಿಎನ್‌ಎ ಅಕ್ಷರಗಳ ಪುನರಾವರ್ತನೆ ಅಣ್ಣನಿಗೆ ಸುಮಾರು 420, ತಂದೆಗೆ 80 ಎಂದು ವರದಿ ಬಂದಿದೆ. ತಂದೆಗೆ ಈಗ 63. 48ನೆಯ ವಯಸ್ಸಿನಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿದ್ದು ಬಿಟ್ಟರೆ ಸಂಪೂರ್ಣ ಆರೋಗ್ಯವಂತರು. ಈ ಪುನರಾವರ್ತನೆ ಇರುವುದು ಪ್ರೋಟೀನಿನ ಸಂಕೇತವಿಲ್ಲದ ಭಾಗದಲ್ಲಿ ಎಂದೂ ವರದಿಯಲ್ಲಿದೆ. ಪ್ರೋಟೀನೇ ಕೆಡದಿದ್ದರೆ ಕಾಯಿಲೆ ಬರುವುದು ಹೇಗೆ? ವರದಿಯೇ ತಪ್ಪಿರಬಹುದೇ? ಇಂಥ ಸ್ನಾಯುರೋಗ ಗಂಡಸರಿಗೆ ಮಾತ್ರ ಬರುತ್ತದೆ ಎನ್ನುವವರಿದ್ದಾರೆ, ಒಂದು ತಲೆಮಾರು ಬಿಟ್ಟು ಬರುತ್ತದೆ ಎನ್ನುವವರೂ ಇದ್ದಾರೆ. ಆರ್‌ಎನ್‌ಎ (ಜೀನಿನ ಸಂದೇಶದ ನಕಲು) ವಿಷವಾಗುವ ಕಾಯಿಲೆ ಎಂದು ಓದಿದ ಮೇಲೆ ಆರ್‌ಎನ್‌ಎ ಲಸಿಕೆ ಹಾಕಿಸಿಕೊಳ್ಳಲು ಅಣ್ಣ ಹೆದರುತ್ತಿದ್ದಾನೆ. ನಾನು ಮಗುವಿನ ಬಗ್ಗೆ ಯೋಚಿಸುತ್ತಿದ್ದೇನೆ; ಪರೀಕ್ಷೆ ಮಾಡಿಸಿಕೊಳ್ಳಬೇಕೇ? ಅಂದ ಹಾಗೆ, ಮುಂದಿನ ತಿಂಗಳು ಅಣ್ಣನಿಗೆ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆ ಇದೆ.

ಉತ್ತರ: ನೀವು ಕೊನೆಯಲ್ಲಿ, ನೆನಪಾಯಿತೆಂಬಂತೆ ಬರೆದ ಮಾತಿನಿಂದಲೇ ನಾನು ಆರಂಭಿಸಬೇಕಾಗಿದೆ. ನಿಮ್ಮ ಉಳಿದೆಲ್ಲ ಪ್ರಶ್ನೆಗಳು ಕೆಲವು ವಾರ ಕಾಯಬಲ್ಲವು, ಆ ಶಸ್ತ್ರಚಿಕಿತ್ಸೆ ಕಾಯುವುದಿಲ್ಲ. ಪಿತ್ತಕೋಶದ ಕಲ್ಲು ಈ ಕಾಯಿಲೆಯವರಲ್ಲಿ ಸಾಮಾನ್ಯ, ಆದ್ದರಿಂದ ಅದು ಬೇರೆಯದೇ ಒಂದು ದುರದೃಷ್ಟವೆಂದು ತಿಳಿಯಬೇಕಿಲ್ಲ. ಆದರೆ ಶಸ್ತ್ರಚಿಕಿತ್ಸಕರಿಗೂ ಅರಿವಳಿಕೆ ತಜ್ಞರಿಗೂ ಈ ರೋಗದ ಹೆಸರು ಮೊದಲೇ ತಿಳಿದಿರಲೇಬೇಕು. ನಿದ್ರೆ ಬರಿಸುವ ಔಷಧಗಳು ಮತ್ತು ಅಫೀಮು ಜಾತಿಯ ನೋವುನಿವಾರಕಗಳು ಇವರಿಗೆ ಸಾಮಾನ್ಯ ಪ್ರಮಾಣದಲ್ಲಿಯೇ ಅತಿಯಾಗಿ ತಾಗಿ, ಎಚ್ಚರವಾದ ಮೇಲೂ ಗಂಟೆಗಳ ಕಾಲ ಉಸಿರಾಟವನ್ನು ಕುಗ್ಗಿಸಬಲ್ಲವು. ಸಕ್ಸಿನೈಲ್‌ಕೋಲೀನ್ ಎಂಬ ಸ್ನಾಯುಸಡಿಲಕವು ಸಡಿಲಿಸುವ ಬದಲು ದವಡೆ ಮತ್ತು ಎದೆಯ ಸ್ನಾಯುಗಳನ್ನು ಬಿಗಿಹಿಡಿಸಿ, ಉಸಿರಾಟದ ನಳಿಕೆ ಹಾಕುವುದನ್ನೇ ಕಷ್ಟವಾಗಿಸಬಹುದು, ಅದನ್ನು ಬಳಸಬಾರದು. ಚಳಿಯಿಂದ ನಡುಕ ಬಂದರೂ ಸ್ನಾಯು ಬಿಗಿಯುತ್ತದೆ, ಹಾಗಾಗಿ ಮೈ ಬೆಚ್ಚಗಿರಬೇಕು. ಹೊಟ್ಟೆಯ ಮೇಲ್ಭಾಗದ ಶಸ್ತ್ರಚಿಕಿತ್ಸೆಯ ನಂತರ ಉಸಿರಾಟದ ತೊಡಕುಗಳು ಹೆಚ್ಚೆಂಬುದು ಗೊತ್ತಿರುವ ಸಂಗತಿಯಾದ್ದರಿಂದ ಮೊದಲ ದಿನವಿಡೀ ನಿಗಾ ಇಡುವ ವಾರ್ಡು ಬೇಕು, ಮೊದಲೇ ಇಸಿಜಿ ಮತ್ತು ಉಸಿರಾಟದ ಸಾಮರ್ಥ್ಯದ ಪರೀಕ್ಷೆ ಆಗಿರಬೇಕು. ಅರಿವಳಿಕೆಯಿಂದ ಮೈತಾಪ ವಿಪರೀತ ಏರುವ ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯ ಎಂಬ ಅಪಾಯವೂ ಇದೆಯೆಂದು ಯಾರಾದರೂ ಹೆದರಿಸಿದರೆ, ಆ ಅಪಾಯ ಇವರಲ್ಲಿ ಉಳಿದವರಿಗಿಂತ ಹೆಚ್ಚೇನಲ್ಲ. ನನ್ನ ವೃತ್ತಿಯಲ್ಲಿ ನಾನು ಕಂಡ ತೀರ ಕೆಟ್ಟ ದಿನಗಳು ರೋಗ ಉಲ್ಬಣಿಸಿದ್ದರಿಂದ ಬಂದವಲ್ಲ, ‘ಸಣ್ಣ ಆಪರೇಷನ್ ತಾನೇ’ ಎಂದು ಮನೆಯವರು ರೋಗದ ಹೆಸರು ಹೇಳದೆ ಉಳಿದಿದ್ದರಿಂದ ಬಂದವು.

ಈಗ ನಿಮ್ಮ ಮೂಲ ಪ್ರಶ್ನೆ. ವರದಿ ತಪ್ಪಿಲ್ಲ. ನಿಮಗೆ ಎದ್ದ ಅನುಮಾನ ಸಂಶೋಧಕರನ್ನೂ ವರ್ಷಗಟ್ಟಲೆ ಕಾಡಿತ್ತು. 1992ರಲ್ಲಿ 19ನೆಯ ವರ್ಣತಂತುವಿನ ಮೇಲೆ ಈ ಪುನರಾವರ್ತನೆ ಪತ್ತೆಯಾದಾಗ, ಅದು ಜೀನಿನ ಬಾಲದಲ್ಲಿ, ಪ್ರೋಟೀನಿನ ಸಂಕೇತವೆಲ್ಲ ಮುಗಿದ ಮೇಲಿನ ಭಾಗದಲ್ಲಿ ಇರುವುದನ್ನು ಕಂಡು ಎಲ್ಲರೂ ಬೆರಗಾದರು. ಪ್ರೋಟೀನು ಕಡಿಮೆಯಾಗುವುದರಿಂದ ಕಾಯಿಲೆ ಬರಬಹುದೆಂದು ಮೊದಲು ಊಹಿಸಲಾಯಿತು. ಆದರೆ ಈ ಜೀನನ್ನೇ ತೆಗೆದುಹಾಕಿದ ಇಲಿಗಳಲ್ಲಿ ಮನುಷ್ಯರ ಈ ಕಾಯಿಲೆಯ ಚಿತ್ರ ಮೂಡಲಿಲ್ಲ. ಉತ್ತರ ಸಿಕ್ಕಿದ್ದು ಇದಕ್ಕೆ ತಿರುಗುಮುರುಗಾದ ಪ್ರಯೋಗದಿಂದ. ಸುಮಾರು 250 ಪುನರಾವರ್ತನೆಗಳನ್ನು ಈ ಕಾಯಿಲೆಗೆ ಸಂಬಂಧವೇ ಇಲ್ಲದ, ಸ್ನಾಯುವಿನ ಇನ್ನೊಂದು ಜೀನಿನ ಬಾಲಕ್ಕೆ ಜೋಡಿಸಿ ಇಲಿಯೊಳಗೆ ಇರಿಸಿದಾಗ, ಆ ಇಲಿಗಳ ಸ್ನಾಯುಗಳು ನಿಮ್ಮ ಅಣ್ಣನ ಬೆರಳುಗಳಂತೆಯೇ ಬಿಗಿಹಿಡಿದವು. 2000ದಲ್ಲಿ ಪ್ರಕಟವಾದ ಈ ಪ್ರಯೋಗ ಜೀನು ಯಾವುದೆಂಬುದು ಮುಖ್ಯವಲ್ಲ, ಪುನರಾವರ್ತನೆಯನ್ನು ಹೊತ್ತ ಆರ್‌ಎನ್‌ಎ ತಾನೇ ಹಾನಿ ಮಾಡಬಲ್ಲದು ಎಂದು ತೋರಿಸಿತು. ಮರುವರ್ಷ, ಇದನ್ನೇ ಹೋಲುವ ಎರಡನೆಯ ವಿಧದ ಮಯೋಟೋನಿಕ್ ಡಿಸ್ಟ್ರೋಫಿಯ ಮೂಲ ಬೆಳಕಿಗೆ ಬಂತು: ವರ್ಣತಂತು ಬೇರೆ, 3ನೆಯದು, ಜೀನು ಬೇರೆ, ಸಿಎನ್‌ಬಿಪಿ, ಅಕ್ಷರಗಳೂ ಬೇರೆ, ಸಿಸಿಟಿಜಿ. ಆದರೂ ಅಲ್ಲಿಯೂ ಪುನರಾವರ್ತನೆ ಇದ್ದದ್ದು ಪ್ರೋಟೀನಾಗದ ಭಾಗದಲ್ಲಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಜೀನುಗಳು ಒಂದೇ ಬಗೆಯ ಕಾಯಿಲೆ ತರುತ್ತವೆಂದರೆ ಅವೆರಡಕ್ಕೂ ಸಮಾನವಾದದ್ದು ಉದ್ದ ಬೆಳೆದ ಆರ್‌ಎನ್‌ಎ ಒಂದೇ.

ಆ ಆರ್‌ಎನ್‌ಎ ಮಾಡುವುದಾದರೂ ಏನು? ಡಿಎನ್‌ಎಯಲ್ಲಿನ ಸಿಟಿಜಿ ಆರ್‌ಎನ್‌ಎಯಲ್ಲಿ ಸಿಯುಜಿ ಆಗುತ್ತದೆ. ಹತ್ತಿಪ್ಪತ್ತು ಇದ್ದರೆ ತೊಂದರೆಯಿಲ್ಲ. ನೂರಾರು ಸೇರಿದರೆ ಆ ಎಳೆ ತನ್ನ ಮೇಲೆ ತಾನೇ ಮಡಚಿಕೊಂಡು ಹೆರಳಿನ ಪಿನ್ನಿನ ಆಕಾರ ತಾಳುತ್ತದೆ. ಜೀವಕೋಶದ ಕೇಂದ್ರದಿಂದ ಹೊರಗೆ ಹೋಗಬೇಕಾದ ಅದು ಅಲ್ಲಿಯೇ ಉಂಡೆಗಟ್ಟಿ ಕೂರುತ್ತದೆ. ಸೂಕ್ಷ್ಮದರ್ಶಕದಲ್ಲಿ ಈ ಉಂಡೆಗಳು ಚುಕ್ಕೆಗಳಾಗಿ ಕಾಣುತ್ತವೆ. ಆ ಮಡಿಕೆಗಳಿಗೆ ಮಸಲ್‌ಬ್ಲೈಂಡ್ ಎಂಬ ಪ್ರೋಟೀನುಗಳು ಬಂದು ಅಂಟಿಕೊಂಡು ಬಿಡಿಸಿಕೊಳ್ಳಲಾರದೆ ಉಳಿಯುತ್ತವೆ. ಹಾನಿ ಇಲ್ಲಿಂದ ಶುರುವಾಗುತ್ತದೆ. ಈ ಪ್ರೋಟೀನುಗಳನ್ನು ಜೀವಕೋಶದ ದರ್ಜಿಗಳೆಂದು ಭಾವಿಸಿ. ನೂರಾರು ಜೀನುಗಳ ಆರ್‌ಎನ್‌ಎಯನ್ನು ಎಲ್ಲಿ ಕತ್ತರಿಸಿ ಎಲ್ಲಿ ಜೋಡಿಸಬೇಕೆಂದು ನಿರ್ಧರಿಸುವುದರಲ್ಲಿ ಅವುಗಳ ಪಾಲು ದೊಡ್ಡದು. ಗರ್ಭದಲ್ಲಿರುವ ಶಿಶುವಿನ ಸ್ನಾಯುವಿಗೆ ಒಂದು ಅಳತೆ, ಬೆಳೆದವರ ಸ್ನಾಯುವಿಗೆ ಇನ್ನೊಂದು ಅಳತೆ. ಹುಟ್ಟಿನ ಆಸುಪಾಸಿನಲ್ಲಿ ಅಳತೆ ಬದಲಾಯಿಸುವ ಕೆಲಸ ಇವುಗಳದು. ದರ್ಜಿಗಳೆಲ್ಲ ಒಂದೆಡೆ ಸಿಕ್ಕಿಬಿದ್ದಾಗ, ಬೆಳೆದ ದೇಹಕ್ಕೆ ಶಿಶುವಿನ ಅಳತೆಯ ಪ್ರೋಟೀನುಗಳು ತಯಾರಾಗುತ್ತವೆ. ಅದೇ ಹೊತ್ತಿಗೆ ಸಿಇಎಲ್‌ಎಫ್1 ಎಂಬ ಎದುರಾಳಿ ಪ್ರೋಟೀನಿನ ಪ್ರಮಾಣ ಏರಿ, ತಕ್ಕಡಿ ಇನ್ನಷ್ಟು ಶಿಶುವಿನ ಕಡೆಗೆ ವಾಲುತ್ತದೆ.

ಅಂದರೆ ಡಿಎಂಪಿಕೆಯ ಪ್ರೋಟೀನು ಸರಿಯಿದೆಯೇ ಎಂದು ಕೇಳಿದರೆ ಬಹುಮಟ್ಟಿಗೆ ಹೌದು. ಕೆಡುವುದು ಅದರ ಆರ್‌ಎನ್‌ಎ ತಡೆಹಿಡಿದ ದರ್ಜಿಗಳನ್ನು ನಂಬಿಕೊಂಡ ಬೇರೆ ಜೀನುಗಳ ಪ್ರೋಟೀನುಗಳು. ಅಣ್ಣನ ಬೆರಳುಗಳನ್ನೇ ತೆಗೆದುಕೊಳ್ಳಿ. ಸ್ನಾಯು ಒಮ್ಮೆ ಸಂಕುಚಿಸಿದ ಮೇಲೆ ಶಾಂತವಾಗಲು ಅದರ ಹೊರಪೊರೆಯಲ್ಲಿ ಕ್ಲೋರೈಡ್ ಚಾನೆಲ್ ಎಂಬ ಬಾಗಿಲುಗಳು ಬೇಕು. ಆ ಜೀನಿನ ಆರ್‌ಎನ್‌ಎಯಲ್ಲಿ ಬಿಟ್ಟುಬಿಡಬೇಕಾದ ತುಣುಕು ಉಳಿದುಕೊಂಡಾಗ ಬಾಗಿಲುಗಳ ಸಂಖ್ಯೆ ಇಳಿಯುತ್ತದೆ, ಮಿದುಳು ‘ಸಾಕು’ ಎಂದ ಮೇಲೂ ಸ್ನಾಯು ತನ್ನಷ್ಟಕ್ಕೆ ಮಿಡಿಯುತ್ತಲೇ ಇರುತ್ತದೆ. ಮುಷ್ಟಿಯನ್ನು ಹತ್ತಾರು ಬಾರಿ ಬಿಗಿದು ಬಿಟ್ಟರೆ ಬಿಗಿತ ಸಡಿಲವಾಗುವುದನ್ನು ಅವರೇ ಗಮನಿಸಿರಬಹುದು. ಇನ್ಸುಲಿನ್ ಗ್ರಾಹಕದ ಅಳತೆ ತಪ್ಪಿದರೆ ಇನ್ಸುಲಿನ್ ಇದ್ದೂ ಅದರ ಕೆಲಸ ಮಂದವಾಗುತ್ತದೆ. ಹೃದಯದ ಸೋಡಿಯಂ ಚಾನೆಲ್ ಶಿಶುರೂಪಕ್ಕೆ ಮರಳಿದರೆ ಮಿಡಿತದ ವಿದ್ಯುತ್ ಸಂದೇಶ ನಿಧಾನವಾಗುತ್ತದೆ. ಒಂದೇ ಕಾಯಿಲೆ ಕಣ್ಣು, ಹೃದಯ, ಕರುಳು, ನಿದ್ರೆ, ಸ್ನಾಯು ಎಲ್ಲವನ್ನೂ ಮುಟ್ಟುವುದಕ್ಕೆ ಇದೇ ಕಾರಣ. ಮಸಲ್‌ಬ್ಲೈಂಡ್‌ನ ಮುಖ್ಯ ರೂಪವನ್ನು ಕಳೆದುಕೊಂಡ ಇಲಿಗಳಲ್ಲಿ ಸ್ನಾಯುಬಿಗಿತವೂ ಕಣ್ಣಿನ ಪೊರೆಯೂ ಕಾಣಿಸಿಕೊಂಡವು. ಪುನರಾವರ್ತನೆಯುಳ್ಳ ಇಲಿಗಳ ಸ್ನಾಯುವಿಗೆ ಅದೇ ಪ್ರೋಟೀನನ್ನು ಹೆಚ್ಚಾಗಿ ಒದಗಿಸಿದಾಗ ಬಿಗಿತ ಇಳಿಯಿತು. ಆದರೆ ಎಲ್ಲವನ್ನೂ ಈ ಒಂದು ಕೀಲಿಗೆ ಕಟ್ಟುವುದು ಆತುರವಾದೀತು. ಇಂಥ ಆರ್‌ಎನ್‌ಎಯಿಂದ, ಆರಂಭದ ಸಂಕೇತವೇ ಇಲ್ಲದೆ ಅಸಹಜ ಪ್ರೋಟೀನು ತುಣುಕುಗಳು ತಯಾರಾಗುತ್ತವೆಂದು 2011ರಲ್ಲಿ ವರದಿಯಾಯಿತು. ಬಿಗಿತಕ್ಕೆ ಕಾರಣ ಹೇಳುವಷ್ಟು ಸ್ಪಷ್ಟವಾಗಿ ಸ್ನಾಯು ಸವೆಯುವುದಕ್ಕೆ ಕಾರಣ ಹೇಳಲು ಇಂದಿಗೂ ಆಗದು.

ಇದೇ ವಿವರಣೆಯಲ್ಲಿ ಲಸಿಕೆಯ ಭಯಕ್ಕೂ ಉತ್ತರವಿದೆ. ಆರ್‌ಎನ್‌ಎ ಎಂಬ ವಸ್ತುವೇ ವಿಷವಲ್ಲ. ನಮ್ಮ ಪ್ರತಿ ಜೀವಕೋಶವೂ ಪ್ರತಿ ಕ್ಷಣ ಅದನ್ನು ತಯಾರಿಸುತ್ತದೆ. ಹಾನಿ ಮಾಡುವುದು ಉದ್ದನೆಯ ಸಿಯುಜಿ ಸರಣಿ, ಅದೂ ಕೋಶಕೇಂದ್ರದೊಳಗೆ ಕುಳಿತು, ಸ್ವಂತ ಜೀನಿನಿಂದ ಜೀವನವಿಡೀ ಪೂರೈಕೆಯಾಗುತ್ತ. ಲಸಿಕೆಯ ಆರ್‌ಎನ್‌ಎಯಲ್ಲಿ ಆ ಸರಣಿ ಇಲ್ಲ, ಅದು ಕೋಶಕೇಂದ್ರಕ್ಕೆ ಹೊಕ್ಕು ಕೆಲಸ ಮಾಡುವುದೂ ಇಲ್ಲ, ಸ್ವಲ್ಪ ಕಾಲದಲ್ಲಿ ಕರಗಿಹೋಗುತ್ತದೆ. ಉಸಿರಾಟದ ಸ್ನಾಯು ದುರ್ಬಲವಾಗಿರುವವರಿಗೆ ಶ್ವಾಸಕೋಶದ ಸೋಂಕೇ ದೊಡ್ಡ ಶತ್ರುವಾದ್ದರಿಂದ, ಲಸಿಕೆ ತಪ್ಪಿಸುವುದರಲ್ಲಿಯೇ ಅಪಾಯವಿದೆ.

‘ಗಂಡಸರಿಗೆ ಮಾತ್ರ’ ಎಂಬ ಮಾತು ಡುಶೆನ್ ಎಂಬ ಬೇರೊಂದು ಸ್ನಾಯುರೋಗದ ನೆನಪಿನಿಂದ ಬಂದದ್ದು. ಅದು ಎಕ್ಸ್ ವರ್ಣತಂತುವಿನದು. ನಿಮ್ಮ ಮನೆಯ ಕಾಯಿಲೆಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಎರಡು ಪ್ರತಿಗಳಲ್ಲಿ ಒಂದು ಬದಲಾಗಿದ್ದರೂ ಸಾಕು, ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಅಣ್ಣನಿಗೆ ಬಂದದ್ದರಿಂದ ನಿಮ್ಮ ಪಾಲಿನ ಅಪಾಯ ಹೆಚ್ಚಿಲ್ಲ, ಕಡಿಮೆಯೂ ಆಗಿಲ್ಲ. ತಲೆಮಾರು ಬಿಟ್ಟು ಬರುತ್ತದೆ ಎಂಬ ಭಾವನೆ ಹುಟ್ಟುವುದು ಹೇಗೆಂದು ನಿಮ್ಮ ತಂದೆಯೇ ತೋರಿಸುತ್ತಾರೆ. ಅವರಲ್ಲಿ ಕಾಯಿಲೆ ಕಣ್ಣಿನ ಪೊರೆಯಾಗಿಯಷ್ಟೇ ಕಾಣಿಸಿದ್ದರಿಂದ ಯಾರೂ ಅದನ್ನು ಕಾಯಿಲೆಯೆಂದು ಎಣಿಸಲಿಲ್ಲ. 1909ರಲ್ಲಿ ಜರ್ಮನಿಯ ಹಾನ್ಸ್ ಸ್ಟೈನರ್ಟ್ ಈ ರೋಗವನ್ನು ವಿವರಿಸಿದ ಕೆಲವೇ ವರ್ಷಗಳಲ್ಲಿ, 1918ರಲ್ಲಿ, ಬ್ರೂನೋ ಫ್ಲೈಷರ್ ಎಂಬ ನೇತ್ರವೈದ್ಯರು ಇಂಥ ರೋಗಿಗಳ ಹಿರಿಯರಲ್ಲಿ ಬರೀ ಕಣ್ಣಿನ ಪೊರೆ ಇದ್ದುದನ್ನು ಗುರುತಿಸಿದ್ದರು. ತಲೆಮಾರಿನಿಂದ ತಲೆಮಾರಿಗೆ ಕಾಯಿಲೆ ಬೇಗನೆ, ತೀವ್ರವಾಗಿ ಬರುತ್ತದೆಂಬ ಈ ಗ್ರಹಿಕೆಯನ್ನು 1948ರಲ್ಲಿ ತಳಿವಿಜ್ಞಾನಿ ಲಯೊನೆಲ್ ಪೆನ್ರೋಸ್ ಅಂಕಿಅಂಶಗಳ ಭ್ರಮೆ ಎಂದು ತಳ್ಳಿಹಾಕಿದರು. ವೈದ್ಯರ ಕಣ್ಣು ಸರಿಯಾಗಿತ್ತು, ವಿದ್ವಾಂಸರ ಲೆಕ್ಕ ತಪ್ಪಿತ್ತು ಎಂದು ಸಾಬೀತಾಗಲು 1992ರವರೆಗೆ ಕಾಯಬೇಕಾಯಿತು. ಈ ಪುನರಾವರ್ತನೆ ಒಮ್ಮೆ ಒಂದು ಮಿತಿ ದಾಟಿದರೆ ತಂದೆತಾಯಿಯಿಂದ ಮಕ್ಕಳಿಗೆ ಸಾಗುವಾಗ ಸಾಮಾನ್ಯವಾಗಿ ಬೆಳೆಯುತ್ತದೆ. 80 ಇದ್ದದ್ದು 420 ಆದದ್ದು ಹಾಗೆ.

ಆದರೆ ಆ ಸಂಖ್ಯೆಗಳನ್ನು ಓದುವಾಗ ಜಾಗರೂಕತೆ ಬೇಕು. 34ರವರೆಗೆ ಸಹಜ, 35ರಿಂದ 49ರವರೆಗೆ ಲಕ್ಷಣಗಳಿಲ್ಲದಿದ್ದರೂ ಮುಂದಿನ ಪೀಳಿಗೆಯಲ್ಲಿ ಬೆಳೆಯಬಹುದಾದ ಸ್ಥಿತಿ, 50 ಮತ್ತು ಅದಕ್ಕಿಂತ ಹೆಚ್ಚು ರೋಗದ ವ್ಯಾಪ್ತಿ. ಇಷ್ಟರ ಮಟ್ಟಿಗೆ ಗೆರೆಗಳು ಸ್ಪಷ್ಟ. ಅದರಾಚೆಗೆ, ಹೆಚ್ಚು ಸಂಖ್ಯೆಯಿದ್ದವರಲ್ಲಿ ಕಾಯಿಲೆ ಬೇಗ ಆರಂಭವಾಗುವುದು ಒಟ್ಟಾರೆ ನಿಜವಾದರೂ, ಒಬ್ಬ ವ್ಯಕ್ತಿಯ ಮುಂದಿನ ಹತ್ತು ವರ್ಷ ಹೇಗಿರುತ್ತದೆಂದು ಅದನ್ನು ನೋಡಿ ಹೇಳಲಾಗದು. ವರದಿಯ ಸಂಖ್ಯೆ ರಕ್ತದ್ದು. ಪುನರಾವರ್ತನೆ ಹುಟ್ಟಿದ ಮೇಲೂ ದೇಹದೊಳಗೇ ಬೆಳೆಯುತ್ತಿರುತ್ತದೆ, ಒಂದೊಂದು ಅಂಗದಲ್ಲಿ ಒಂದೊಂದು ವೇಗದಲ್ಲಿ. ಸ್ನಾಯುವಿನಲ್ಲಿ ಅದು ರಕ್ತದಲ್ಲಿನದಕ್ಕಿಂತ ಹಲವು ಪಟ್ಟು ಉದ್ದವಿರುವುದು ಸಾಮಾನ್ಯ. ಹತ್ತು ವರ್ಷದ ನಂತರ ಮತ್ತೆ ರಕ್ತ ಪರೀಕ್ಷಿಸಿದರೆ ನಿಮ್ಮ ಅಣ್ಣನ ಸಂಖ್ಯೆಯೂ ಬೇರೆಯಿರಬಹುದು. ‘420 ಅಂದರೆ ಎಷ್ಟು ಪರ್ಸೆಂಟ್ ಕಾಯಿಲೆ’ ಎಂದು ಅನೇಕರು ನನ್ನನ್ನು ಕೇಳಿದ್ದಾರೆ. ನಾನು ವರದಿಯನ್ನು ಮಡಚಿಟ್ಟು ಅವರ ಇಸಿಜಿ ನೋಡುತ್ತೇನೆ, ಕತ್ತು ಎತ್ತಿಸುತ್ತೇನೆ, ಮೆಟ್ಟಿಲು ಹತ್ತಿಸುತ್ತೇನೆ.

ನಿಮ್ಮ ಪರೀಕ್ಷೆಯ ವಿಷಯಕ್ಕೆ ಬರೋಣ. ಮಗುವಿನ ಯೋಚನೆ ಇರುವುದರಿಂದ ಗರ್ಭ ಧರಿಸುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಆದರೆ ನಿರ್ಧಾರ ನಿಮ್ಮದು, ಆತುರವಿಲ್ಲದೆ ಆನುವಂಶಿಕ ಸಲಹೆಗಾರರೊಂದಿಗೆ ಮಾತಾಡಿಯೇ ಆಗಬೇಕಾದದ್ದು. ಒಮ್ಮೆ ತಿಳಿದದ್ದನ್ನು ಮರೆಯಲಾಗುವುದಿಲ್ಲ. ಫಲಿತಾಂಶ ಸಹಜವೆಂದು ಬಂದರೆ ವಿಷಯ ಅಲ್ಲಿಗೇ ಮುಗಿಯಿತು: ನಿಮ್ಮಲ್ಲಿ ಇಲ್ಲದ್ದು ನಿಮ್ಮಿಂದ ಮಗುವಿಗೆ ಹೋಗುವುದಿಲ್ಲ. ಇದೆಯೆಂದು ಬಂದರೆ ಪ್ರತಿ ಗರ್ಭಕ್ಕೂ ಅಪಾಯ ಅರ್ಧಕ್ಕರ್ಧ, ಮತ್ತು ನೀವು ತಾಯಿಯಾಗುವವರಾದ್ದರಿಂದ ಮುಚ್ಚಿಡಬಾರದ ಇನ್ನೊಂದು ಸಂಗತಿಯಿದೆ. ಹುಟ್ಟುವಾಗಲೇ ಸ್ನಾಯುಗಳು ಸೋತು, ಉಸಿರಾಡಲೂ ಹಾಲು ಕುಡಿಯಲೂ ಕಷ್ಟಪಡುವ ಜನ್ಮಜಾತ ರೂಪ ಹೆಚ್ಚುಕಡಿಮೆ ಯಾವಾಗಲೂ ತಾಯಿಯ ಕಡೆಯಿಂದಲೇ ಬರುತ್ತದೆ. ಅಂಥ ಮಕ್ಕಳಲ್ಲಿ ಪುನರಾವರ್ತನೆ ಬಹುತೇಕ ಸಾವಿರ ದಾಟಿರುತ್ತದೆ. ತಾಯಿಯಲ್ಲಿ ಪುನರಾವರ್ತನೆ ಹೆಚ್ಚಿದ್ದಷ್ಟೂ, ಆಕೆಯಲ್ಲಿ ಆಗಲೇ ಲಕ್ಷಣಗಳಿದ್ದಷ್ಟೂ ಈ ಅಪಾಯ ಹೆಚ್ಚು.

ಹಾಗೆ ಬಂದರೂ ದಾರಿಗಳಿವೆ, ಯಾವುದೂ ಖರ್ಚಿಲ್ಲದ್ದಲ್ಲ, ನೋವಿಲ್ಲದ್ದಲ್ಲ. ಪ್ರಯೋಗಾಲಯದಲ್ಲಿ ಭ್ರೂಣಗಳನ್ನು ರೂಪಿಸಿ, ಬೆಳೆದ ಪುನರಾವರ್ತನೆಯಿಲ್ಲದ್ದನ್ನು ಆರಿಸಿ ಗರ್ಭಕ್ಕೆ ಸೇರಿಸಬಹುದು. ಗರ್ಭಪಾತದ ನಿರ್ಧಾರವನ್ನು ಎದುರಿಸಬೇಕಾದ ಸಾಧ್ಯತೆ ಇದರಲ್ಲಿ ಬಹಳ ಕಡಿಮೆ, ಆದರೆ ಹಾರ್ಮೋನು ಚುಚ್ಚುಮದ್ದು, ಅಂಡಾಣು ಹೊರತೆಗೆಯುವಾಗಿನ ಅರಿವಳಿಕೆ, ಮೇಲಿಂದ ಮೇಲೆ ವಿಫಲವಾಗುವ ಸಾಧ್ಯತೆ ಎಲ್ಲವೂ ಇವೆ. ಸಹಜವಾಗಿ ಗರ್ಭ ಧರಿಸಿ, 10ನೆಯ ವಾರದ ನಂತರ ಮಾಸುವಿನ ತುಣುಕನ್ನೋ 15ನೆಯ ವಾರದ ನಂತರ ಗರ್ಭಜಲವನ್ನೋ ಪರೀಕ್ಷಿಸಬಹುದು; ಇವುಗಳಿಂದ ಗರ್ಭ ನಷ್ಟವಾಗುವ ಅಪಾಯ ಅನುಭವಿಗಳ ಕೈಯಲ್ಲಿ ಶೇ. 1ಕ್ಕಿಂತ ಕಡಿಮೆ. ಆದರೆ ಪುನರಾವರ್ತನೆ ಬೆಳೆದಿದೆಯೇ ಇಲ್ಲವೇ ಎಂದು ಖಚಿತವಾಗಿ ಹೇಳುವ ಈ ಪರೀಕ್ಷೆ ಮಗು ಎಷ್ಟು ಬಳಲುತ್ತದೆಂದು ಅಷ್ಟೇ ಖಚಿತವಾಗಿ ಹೇಳಲಾರದು, ಆ ಅರ್ಧ ಉತ್ತರವನ್ನಿಟ್ಟುಕೊಂಡು ನಿರ್ಧರಿಸುವ ಭಾರ ದಂಪತಿಗಳ ಮೇಲೆ ಬೀಳುತ್ತದೆ. ದಾನದ ಅಂಡಾಣು, ದತ್ತು, ಮಗುವೇ ಬೇಡವೆಂಬ ತೀರ್ಮಾನ, ಏನು ಬಂದರೂ ಸರಿ ಎಂದು ಪರೀಕ್ಷೆಯಿಲ್ಲದೆ ಮುಂದುವರಿಯುವುದು, ಇವೆಲ್ಲವನ್ನೂ ಆರಿಸಿಕೊಂಡವರನ್ನು ನಾನು ನೋಡಿದ್ದೇನೆ. ಪರೀಕ್ಷೆಯಿಲ್ಲದೆ ಮುಂದುವರಿಯುವುದಾದರೆ ಪ್ರಸೂತಿ ತಜ್ಞರಿಗೆ ವಿಷಯ ತಿಳಿದಿರಲಿ: ಗರ್ಭಜಲ ಹೆಚ್ಚುವುದು, ಅವಧಿಗೆ ಮುನ್ನ ಹೆರಿಗೆ, ಹೆರಿಗೆಯ ನಂತರದ ರಕ್ತಸ್ರಾವ ಇವು ನಿರೀಕ್ಷಿತ ತೊಡಕುಗಳು, ನವಜಾತ ಶಿಶುಗಳ ತೀವ್ರನಿಗಾ ಘಟಕವಿರುವ ಕಡೆಯೇ ಹೆರಿಗೆಯಾಗಬೇಕು.

ಚಿಕಿತ್ಸೆಯ ಮಾತು. ಮೂಲಕಾರಣವನ್ನು ತೆಗೆದುಹಾಕುವ, ಬಳಕೆಗೆ ಒಪ್ಪಿಗೆ ಪಡೆದ ಔಷಧ ಇದೆಯೆಂದು ನಾನು ಹೇಳಲಾರೆ, ಹಾಗೆ ಹೇಳಿ ಪುಡಿ, ಮಾತ್ರೆ, ಕಾಂಡಕೋಶ ಮಾರುವವರಿಂದ ದೂರವಿರಿ. ತರ್ಕವೇನೋ ಸರಳ: ಅಪಾಯಕಾರಿ ಆರ್‌ಎನ್‌ಎಯನ್ನೇ ತುಂಡರಿಸಿದರೆ ದರ್ಜಿಗಳು ಬಿಡುಗಡೆಯಾಗುತ್ತಾರೆ. ಇಲಿಗಳಲ್ಲಿ ಇದು ಫಲಿಸಿತು. ಆಂಟಿಸೆನ್ಸ್ ಎಂಬ, ಆರ್‌ಎನ್‌ಎಗೆ ಅಂಟಿ ಅದನ್ನು ತುಂಡರಿಸುವ ಔಷಧವನ್ನು ಈ ಕಾಯಿಲೆಗೆ ಮನುಷ್ಯರ ಮೇಲೆ ಬಳಸಿದ ಮೊದಲ ಪ್ರಯೋಗ ಮಾತ್ರ ಮುಗ್ಗರಿಸಿತು, ಏಕೆಂದರೆ ಔಷಧ ಸಾಕಷ್ಟು ಪ್ರಮಾಣದಲ್ಲಿ ಸ್ನಾಯುವಿನೊಳಕ್ಕೆ ತಲುಪಲಿಲ್ಲ. ಈಗ ಸ್ನಾಯುಕೋಶದ ಮೇಲಿನ ಟ್ರಾನ್ಸ್‌ಫೆರಿನ್ ಗ್ರಾಹಕವನ್ನು ಹಿಡಿಯುವ ಪ್ರತಿಕಾಯಕ್ಕೆ ಅಂಥ ಔಷಧವನ್ನು ಪೋಣಿಸಿ ಒಳಗೆ ಕಳಿಸುವ ಪ್ರಯೋಗಗಳು ನಡೆದಿವೆ. ಅಂಥ ಒಂದು ಪ್ರಯೋಗಕ್ಕೆ ಗಂಭೀರ ಅಡ್ಡಪರಿಣಾಮದ ಕಾರಣ ಭಾಗಶಃ ತಡೆಬಿದ್ದು ನಂತರ ತೆರವಾದದ್ದೂ ಉಂಟು. ಅಣ್ಣನವರಿಗೆ ಸೇರುವ ಅವಕಾಶ ಸಿಕ್ಕರೆ ಆಸೆ, ಅಪಾಯ ಎರಡನ್ನೂ ಎದುರಿಗಿಟ್ಟು ತೂಗಲಿ. ಇಂದು ಕೈಗೆಟುಕುವುದು ಲಕ್ಷಣಗಳ ಉಪಚಾರ. ಬೆರಳಿನ ಬಿಗಿತ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದರೆ ಮೆಕ್ಸಿಲೆಟಿನ್ ನೆರವಾಗುತ್ತದೆ, ಆದರೆ ಅದು ಮೂಲತಃ ಹೃದಯದ ಲಯದ ಔಷಧವಾದ್ದರಿಂದ ಇಸಿಜಿ ನೋಡದೆ ಕೊಡಕೂಡದು. ಎಡವುವ ಪಾದಕ್ಕೆ ಆಧಾರಪಟ್ಟಿ, ಹಗಲಿನ ತೂಕಡಿಕೆಗೆ ಮೊದಲು ನಿದ್ರಾ ಅಧ್ಯಯನ, ರಾತ್ರಿ ಉಸಿರಾಟ ಕುಗ್ಗುತ್ತಿದ್ದರೆ ಮುಖವಾಡದ ಮೂಲಕ ಉಸಿರಾಟದ ಯಂತ್ರ. ವ್ಯಾಯಾಮದಿಂದ ಸ್ನಾಯು ಬೇಗ ಸವೆದುಹೋಗುತ್ತದೆಂಬ ಹೆದರಿಕೆ ಬೇಡ. ಯುರೋಪಿನ ನಾಲ್ಕು ದೇಶಗಳ 255 ರೋಗಿಗಳ ಅಧ್ಯಯನವೊಂದರಲ್ಲಿ, ಕ್ರಮಬದ್ಧ ಮನೋಚಿಕಿತ್ಸೆಯ ಜೊತೆಗೆ ಹಿತಮಿತದ ವ್ಯಾಯಾಮವನ್ನೂ ಸಲಹೆಯಾಗಿ ಪಡೆದವರ ಓಡಾಟ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ಹೃದಯವನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಈ ಕಾಯಿಲೆಯಲ್ಲಿ ಹಠಾತ್ ಸಾವು ಬರುವ ದಾರಿ ಹೃದಯದ ವಿದ್ಯುತ್ ಜಾಲ, ಮತ್ತು ಅದು ಕೈಕಾಲಿನ ಬಲವನ್ನು ಕೇಳಿ ಬರುವುದಿಲ್ಲ. 2008ರಲ್ಲಿ ಪ್ರಕಟವಾದ 406 ರೋಗಿಗಳ ಅಧ್ಯಯನದಲ್ಲಿ ಇಸಿಜಿಯ ಪಿಆರ್ ಅಂತರ (ವಿದ್ಯುತ್ ಸಂದೇಶ ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ತಲುಪುವ ಸಮಯ) 240 ಮಿಲಿಸೆಕೆಂಡು ಮುಟ್ಟಿದವರು ಅಥವಾ ಕ್ಯುಆರ್‌ಎಸ್ ಅಗಲ (ಅದು ಕೆಳಗಿನ ಕೋಣೆಗಳಲ್ಲಿ ಹರಡುವ ಸಮಯ) 120 ಮಿಲಿಸೆಕೆಂಡು ಮುಟ್ಟಿದವರು ಹೆಚ್ಚಿನ ಅಪಾಯದ ಗುಂಪಿಗೆ ಸೇರಿದ್ದರು. ವರ್ಷಕ್ಕೊಮ್ಮೆ ಒಂದು ಇಸಿಜಿ, ತಲೆಸುತ್ತು ಅಥವಾ ಎಚ್ಚರ ತಪ್ಪಿದರೆ ಕೂಡಲೇ ಹೃದ್ರೋಗ ತಜ್ಞರ ಭೇಟಿ, ಅಗತ್ಯವಿದ್ದರೆ ಪೇಸ್‌ಮೇಕರ್. ನಮ್ಮ ಕೈಯಲ್ಲಿರುವುದರಲ್ಲಿ ಜೀವ ಉಳಿಸುವುದು ಇದೇ. ನೀವು ಡಿಎನ್‌ಎ ಪರೀಕ್ಷೆ ಬೇಡವೆಂದು ತೀರ್ಮಾನಿಸಿದರೂ ಇಸಿಜಿಯನ್ನು ಬಿಡಬೇಡಿ. ನೀವು ಸಂಪೂರ್ಣ ಆರೋಗ್ಯವಂತರೆಂದು ಬರೆದ ನಿಮ್ಮ ತಂದೆಯವರು ಒಮ್ಮೆಯಾದರೂ ಇಸಿಜಿ ಮಾಡಿಸಿಕೊಂಡಿದ್ದಾರೆಯೇ ಎಂಬುದು ನಿಮ್ಮ ಪತ್ರದಲ್ಲಿಲ್ಲ. 80 ಎಂಬುದು ರೋಗದ ವ್ಯಾಪ್ತಿಯೊಳಗಿನ ಸಂಖ್ಯೆ. ಇನ್ನೊಂದು ಕಣ್ಣಿನ ಪೊರೆಗೆ ಅವರು ಆಸ್ಪತ್ರೆಗೆ ಹೋಗುವ ದಿನ ಬಂದಾಗ, ಈ ವರದಿಯ ಒಂದು ಪ್ರತಿ ಅವರ ಕೈಯಲ್ಲಿಯೂ ಇರಲಿ.